ಕಾಲುಚೀಲದೊಳಗಿನ ಗಾಯ

ಸಿಟ್ಟಿನ ಮಕ್ಕಳಿಗೆ ಮುದ್ದಿನ ಹೆಸರಿಟ್ಟು ನಗುವ ಚಾಳಿ ನಮ್ಮೆಲ್ಲರದು. ದರ್ಜಿಯ ಮಗಳನ್ನು ಬೀದಿಯವರು ಪಟಾಕಿ ಎಂದೇ ಕರೆಯುತ್ತಿದ್ದರು. ನರ್ಸಿಂಗ್ ಕಲಿಯುತ್ತಿದ್ದಳು, ಜಾಣೆ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಆ ವಾರ ಕಾಲೇಜಿನವರು ಅವಳನ್ನು ಮನೆಗೆ ಕಳಿಸಿದ್ದರು. ವಾರ್ಡಿನಲ್ಲಿ ಅವಳು ರೋಗಿಯ ಹೆಸರು ಕೇಳದೆ ಮಾತ್ರೆ ಕೊಡಲು ಹೊರಟಾಗ ಟೀಚರ್ ತಡೆದಿದ್ದರು. ಇವಳು ಎಲ್ಲರೆದುರು ಅವರನ್ನು ಬೈದು, ಟ್ರೇಯನ್ನು ಅವರ ಕಾಲ ಬಳಿ ಎಸೆದಿದ್ದಳು. ಕ್ಷಮೆ ಕೇಳಿ, ಆಪ್ತಸಮಾಲೋಚಕರನ್ನು ಕಂಡ ಮೇಲೆಯೇ ತರಗತಿಗೆ ಬರಬೇಕೆಂದು ಕಾಲೇಜು ಹೇಳಿತ್ತು.

ತಾಯಿಗೆ ಇದು ಅನ್ಯಾಯವೆನಿಸಿತು. ಪಕ್ಕದ ಮನೆಯ ಸಿಸ್ಟರ್ ದೊಡ್ಡಾಸ್ಪತ್ರೆಯಲ್ಲಿ ವಾರ್ಡ್ ನೋಡಿಕೊಳ್ಳುವವರು. ಅವರನ್ನೂ ಕರೆದೊಯ್ದು ಆ ಟೀಚರನ್ನು ನಾಲ್ಕು ಮಾತು ಕೇಳಿಬರೋಣವೆಂದು ಸಿಸ್ಟರ್ ಮನೆಗೆ ಹೋದಳು.

"ಬಿಸಿರಕ್ತ ಅಕ್ಕ. ಅಷ್ಟಕ್ಕೇ ಹುಡುಗಿ ಓದು ಹಾಳಾಗ್ಬೇಕಾ?"

ಸಿಸ್ಟರ್ ಒಪ್ಪಲಿಲ್ಲ. ವಾರ್ಡಿನಲ್ಲಿ ಒಬ್ಬರು ಮಾಡಿದ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ, ಅವರು ಬಾಯಿಬಿಟ್ಟು ಹೇಳಿದರಷ್ಟೇ ರೋಗಿ ಉಳಿಯುತ್ತಾನೆ ಎಂದರು.

"ಮೈಮೇಲೆ ಬೀಳೋರಿಗೆ ಯಾರೂ ಏನೂ ಹೇಳಲ್ಲ ಕಣಮ್ಮ. ನಿಮ್ಮನೇಲಿ ಅವಳಿಗೆ ಯಾರು ಹೇಳ್ತೀರಿ?"

ತಾಯಿ ಮನೆಗೆ ಬಂದಳು. ಗಂಡ ಹೊಲಿಗೆ ಯಂತ್ರವನ್ನು ಒಂದೇ ಕಾಲಲ್ಲಿ ತುಳಿಯುತ್ತಿದ್ದ. ಕೆಲವು ದಿನಗಳಿಂದ ಮನೆಯೊಳಗೂ ಕಾಲುಚೀಲ ಬಿಚ್ಚಿರಲಿಲ್ಲ, ಕೇಳಿದರೆ ಚಳಿ ಎನ್ನುತ್ತಿದ್ದ. ಅವಳು ಕೂತು ಅದನ್ನು ಎಳೆದಳು. ಸಕ್ಕರೆ ಕಾಯಿಲೆಯ ಆ ಕಾಲಿನ ಹೆಬ್ಬೆರಳು ಕಪ್ಪಾಗಿ ನಾರುತ್ತಿತ್ತು.

"ಮಗಳು ಮನೇಲೇ ಇದ್ದಾಳಲ್ಲ, ಹೇಳ್ಬಾರ್ದಿತ್ತಾ?"

"ಅವತ್ತು ನನ್ನ ಮಾತ್ರೆ ಮರೆತೆ ಅಂದಿದ್ದಕ್ಕೆ ಊಟದ ತಟ್ಟೆ ಎಸೆದ್ಲಲ್ಲ. ಇದನ್ನ ಹೇಳೋಕೆ ಭಯ ಆಯ್ತು."

ಬಾಗಿಲಲ್ಲಿ ನಿಂತಿದ್ದ ಪಟಾಕಿ ಇದನ್ನು ಕೇಳಿಸಿಕೊಂಡಳು. ಊರವರ ಗಾಯ ಕಟ್ಟಲು ಕಲಿಯುತ್ತಿದ್ದವಳಿಗೆ ಅಪ್ಪನ ಗಾಯ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಬೆರಳು ಉಳಿಯಲಿಲ್ಲ. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ತಾಯಿ ಕಾಲೇಜಿಗೆ ಹೋದಳು, ಜಗಳಕ್ಕಲ್ಲ, ಕ್ಷಮೆ ಕೇಳುವ ಮಗಳ ಪಕ್ಕದಲ್ಲಿ ನಿಲ್ಲಲು. ಪಟಾಕಿ ಈಗ ಸಮಾಲೋಚಕರ ಬಳಿ ಹೋಗುತ್ತಾಳೆ, ದಿನವೂ ಅಪ್ಪನ ಕಾಲು ತೊಳೆದು ಪಟ್ಟಿ ಕಟ್ಟುತ್ತಾಳೆ. ಅಪ್ಪ ಮಾತ್ರ ಇಂದಿಗೂ ಕಾಲು ಚಾಚುವ ಮೊದಲು ಅವಳ ಮುಖ ನೋಡುತ್ತಾನೆ.

ಆರೈಕೆ ಕಲಿಯುವ ಮಕ್ಕಳೇ, ಅವರನ್ನು ಹೆತ್ತವರೇ, ಬೈಗುಳ, ಬೆದರಿಕೆ, ಎಸೆದಾಟಗಳನ್ನು ಬಿಸಿರಕ್ತವೆಂದು ನಕ್ಕು ಬಿಡಬೇಡಿ. ಸಿಟ್ಟು ಕೈಮೀರುತ್ತಿದ್ದರೆ ಇಂದೇ ಕಾಲೇಜಿನ ಸಮಾಲೋಚಕರನ್ನು ಕಾಣಿ. ಟೀಚರ್ ತಿದ್ದಿದರೆ ನಿಂತು ಕೇಳಿ. ನಿಮಗೆ ಹೆದರಿ ರೋಗಿ ನೋವನ್ನು ಮುಚ್ಚಿಟ್ಟರೆ, ನೀವು ಕಲಿತ ಯಾವ ಮದ್ದೂ ಅವನಿಗೆ ತಲುಪುವುದಿಲ್ಲ.