ತೊಯ್ದ ಹೊಟ್ಟು

ಪ್ರಯೋಗಾಲಯದಲ್ಲಿ ಇಲಿಗೂಡು ಚೊಕ್ಕ ಮಾಡುವ ಅಕ್ಕನಿಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಸಕ್ಕರೆ ಕಾಯಿಲೆಯ ಇಲಿಗಳ ಮಿದುಳಿನಲ್ಲಿ ಔಷಧಿ ಹಿಡಿಯುವ ಗ್ರಾಹಕಗಳೇ ಬದಲಾಗಿವೆ, ಅದಕ್ಕೇ ನಿದ್ದೆಯ ಮದ್ದು ಅವಕ್ಕೆ ನಾಟುವುದಿಲ್ಲ ಎಂದು ತೋರಿಸಿಕೊಟ್ಟವಳು ನಿನ್ನೆ ಮೊನ್ನೆ ಬಂದ ಹುಡುಗಿಯಂತೆ! ಸಾಹೇಬರ ಬಾಯಲ್ಲಿ ಅವಳದೇ ಜಪ. ಎರಡು ವರ್ಷ ಆ ಇಲಿಗಳ ಉಚ್ಚೆಯಲ್ಲಿ ತೊಯ್ದ ಮರದ ಹೊಟ್ಟು ಬಾಚಿದವಳು ಯಾರು?

ಎಲ್ಲರೂ ಊಟಕ್ಕೆ ಹೋದಾಗ ಅಕ್ಕ, ಕಾಯಿಲೆಯ ಇಲಿಗಳ ಗೂಡಿನ ಚೀಟಿಯನ್ನೂ ಗಟ್ಟಿಮುಟ್ಟಾದ ಇಲಿಗಳ ಗೂಡಿನ ಚೀಟಿಯನ್ನೂ ಅದಲುಬದಲು ಮಾಡಿದಳು. ಪ್ರಯೋಗ ಕೆಟ್ಟು ಆ ಹುಡುಗಿಗೆ ಸಾಹೇಬರಿಂದ ಮಂಗಳಾರತಿಯಾಗಲಿ!

ಸಂಜೆ ಹುಡುಗಿ ಬಂದು ಮೆಲ್ಲಗೆ ಅಂದಳು: “ಅಕ್ಕಾ, ಚೀಟಿ ಅದಲುಬದಲಾಗಿತ್ತು, ಸರಿಮಾಡಿದೆ. ಹೊಟ್ಟು ತೊಪ್ಪೆಯಾಗಿದ್ರೆ ಸಕ್ಕರೆ ಇಲಿ ಅಂತ ನೀವೇ ಕಲಿಸಿದ್ದಲ್ವಾ? ಯಾರಿಗೂ ಹೇಳಲ್ಲ.”

ಹಾಳಾದವಳು, ಒಳ್ಳೆಯತನದಲ್ಲೂ ತನ್ನನ್ನು ಮೀರಿಸಿದಳಲ್ಲ!