ಹೊಗೆ ಕಂಡ ನಲವತ್ತು ಕಾರ್ಡು

ಪ್ರಣೀತಾ ಪುತ್ತೂರಿಗೆ ಹೋದದ್ದು ಮಗಳ ನೋಟುಬುಕ್ಕುಗಳಿಗೆ ಹಾಕುವ ಕಾಗದ ತರುವುದಕ್ಕೆ. ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿದ್ದ ಫಾರಿಸ್‌ನ ಪುಸ್ತಕದಂಗಡಿಯಲ್ಲಿ ಅವನು ಕಾಗದ ಸುತ್ತುತ್ತಿದ್ದಾಗ ಅವಳ ಕಣ್ಣು ಗಾಜಿನ ಕಪಾಟಿನೊಳಗಿನ ಒಂದು ನೀಲಿ ಬಣ್ಣದ ಮೇಲೆ ನಿಂತಿತು. ನೀಲಿಯ ನಡುವೆ ಬಿಳಿ ಹೆಜ್ಜೆಗುರುತು.

"ಇದು ಮೃಗ ಕಾರ್ಡಲ್ವಾ? ಈಗಲೂ ಬರ್ತದಾ?"

"ನಡುವೆ ನಿಂತಿತ್ತು ಅಕ್ಕ. ಈಗ ಬೇರೆಯವರು ಯಾರೋ ಅದೇ ಚಿತ್ರ, ಅದೇ ಅಳತೆಯಲ್ಲಿ ಅಚ್ಚು ಹಾಕಿಸ್ತಾರೆ. ಭಾನುವಾರ ಇಲ್ಲಿ ಹಿಂದಿನ ಕೋಣೆಯಲ್ಲಿ ಆಟ ಉಂಟು. ನಿಮ್ಮ ಹತ್ರ ಹಳತು ಉಂಟಾ?"

"ಇತ್ತು," ಎಂದಳು ಪ್ರಣೀತಾ. ಇದೆ ಎನ್ನಲು ಧೈರ್ಯ ಬರಲಿಲ್ಲ.

ಏಳನೇ ಕ್ಲಾಸಿನಿಂದ ಒಂಬತ್ತರ ತನಕ ಅವಳೂ ಗೆಳತಿ ಊರ್ಮಿಳಾಳೂ ಅದೇ ಗುಂಗಿನಲ್ಲಿದ್ದರು. ಚೂಯಿಂಗ್ ಗಮ್ಮಿನ ಪೊಟ್ಟಣದಲ್ಲಿ ಒಂದೊಂದೇ ಬರುತ್ತಿತ್ತು. ಜಗಿದು ಜಗಿದು ದವಡೆ ನೋಯುತ್ತಿತ್ತು. ಆಟ ಸುಲಭದ್ದು. ಇಬ್ಬರಿಗೂ ನಲವತ್ತು ನಲವತ್ತು ಕಾರ್ಡು, ಕೈಯಲ್ಲಿ ಐದು. ತನ್ನದೊಂದು ಮೃಗವನ್ನು ಮೇಜಿಗೆ ಬಿಟ್ಟು, ಎದುರಿನವಳ ಕೈಯಲ್ಲಿ ಬೆನ್ನು ತೋರಿಸಿ ನಿಂತ ಐದರಲ್ಲಿ ಒಂದನ್ನು ಬೆರಳಿಟ್ಟು ಕರೆಯಬೇಕು. ಬಲ ಹೆಚ್ಚಿದ್ದದ್ದು ಗೆಲ್ಲುತ್ತದೆ. ಆಮೆಗೆ ಮಾತ್ರ ಬಲವೇ ಇಲ್ಲ. ಆದರೆ ಅದನ್ನು ಕರೆದ ಮೃಗ, ಹುಲಿಯಾದರೂ ಆನೆಯಾದರೂ, ಆಟದಿಂದ ಹೊರಗೆ. ಹತ್ತನೇ ಕ್ಲಾಸಿನಲ್ಲಿ ಎಲ್ಲ ನಿಂತುಹೋಯಿತು. ಆದರೂ ಮದುವೆಯಾಗಿ ಜಾಲ್ಸೂರಿಗೆ ಬರುವಾಗ ಅವಳು ಸೀರೆಗಳ ಅಡಿಯಲ್ಲಿ ಆ ನಲವತ್ತನ್ನು ತಂದಿದ್ದಳು. ಬಂದ ಮೊದಲ ಮಳೆಗಾಲದಲ್ಲೇ ಕಟ್ಟು ಕಾಣೆಯಾಗಿತ್ತು. ಹೊಸ ಸೊಸೆ, ಕಾರ್ಡು ಎಲ್ಲಿ ಎಂದು ಕೇಳಲು ನಾಚಿಕೆಯಾಗಿತ್ತು.

ಹನ್ನೆರಡು ವರ್ಷದ ಮೇಲೆ ಆ ಸಂಜೆ ಕೇಳಿದಳು.

"ಅದಾ?" ಎಂದರು ಅತ್ತೆ ಪೂವಮ್ಮ, ಸೋಸಿದ ರಬ್ಬರ್ ಹಾಲನ್ನು ತಟ್ಟೆಗೆ ಹೊಯ್ಯುತ್ತಾ. "ಹೊಗೆಕೋಣೆಯ ಅಟ್ಟದಲ್ಲಿ ಉಂಟು. ಬೂಸ್ಟು ಹಿಡಿದಿತ್ತು. ಹಪ್ಪಳದ ಹಾಗೆ ಗೆರಸೆಯಲ್ಲಿ ಹರವಿ ಒಂದು ಮಳೆಗಾಲ ಇಡೀ ಹೊಗೆ ಕೊಟ್ಟೆ. ವಾರಕ್ಕೊಮ್ಮೆ ಮಗುಚಿ ಹಾಕಿದ್ದೇನೆ, ಎಂತ ತಿಳ್ಕೊಂಡಿದ್ದಿ? ಆಮೇಲೆ ಕಟ್ಟಿಟ್ಟೆ. ನೀನು ಕೇಳಲೇ ಇಲ್ಲ."

ರಬ್ಬರ್ ಶೀಟುಗಳನ್ನು ಒಣಗಿಸುವ ಆ ಕೋಣೆಯ ಅಟ್ಟದಿಂದ ಹಳೆ ಪಂಚೆಯ ತುಂಡಿನ ಗಂಟು ಇಳಿಯಿತು. ಆರು ಕಾರ್ಡುಗಳನ್ನು ಹೊಗೆ ಕಾಣುವ ಮೊದಲೇ ಹುಳ ತಿಂದಿತ್ತು. ಉಳಿದ ಮೂವತ್ತನಾಲ್ಕು ಗಟ್ಟಿಯಾಗಿದ್ದವು, ಆದರೆ ಬೆನ್ನಿನ ನೀಲಿ ಹೋಗಿ ಒಳ್ಳೆಯ ಶೀಟಿನಂತೆ ಜೇನುಬಣ್ಣಕ್ಕೆ ತಿರುಗಿದ್ದವು. ಅಂಚುಗಳಲ್ಲಿ ಅವಳ ಬೆರಳಿನ ಸವೆತ ಹಾಗೆಯೇ ಇತ್ತು. ಕರಡಿಯ ಮೂಲೆಯಲ್ಲಿ ಊರ್ಮಿಳಾ ಕಚ್ಚಿದ ಹಲ್ಲಿನ ಗುರುತು ಕೂಡ.

ಭಾನುವಾರ ಆರು ಹೊಸ ಕಾರ್ಡು ಕೊಂಡು ನಲವತ್ತು ಮಾಡಿ ಹಿಂದಿನ ಕೋಣೆಯಲ್ಲಿ ಕುಳಿತಳು. ಎದುರಿಗೆ ಸುಳ್ಯದಲ್ಲಿ ಇಂಜಿನಿಯರಿಂಗ್ ಓದುವ ಪೂಜಿತಾ. ಮೂರು ಸುತ್ತು ಕೂಡ ಆಗಲಿಲ್ಲ, ಹುಡುಗಿ ನಕ್ಕುಬಿಟ್ಟಳು.

"ಅಕ್ಕ, ಬಲದಿಂದ ಎರಡನೆಯದು ಹೊಸತು. ಆಗ ನೀವು ಕೊಂಡದ್ದರಲ್ಲಿ ಆಮೆ ಇದ್ದದ್ದು ನಾನು ನೋಡಿದ್ದೇನೆ. ಹೊಸತನ್ನು ನಾನು ಕರೀತೇನಾ?"

ನೀಲಿ ಬೆನ್ನಿನ ಆರು ಕಾರ್ಡು ಕಂದು ಗುಂಪಿನಲ್ಲಿ ಎದ್ದು ಕಾಣುತ್ತಿದ್ದವು. ಫಾರಿಸ್ ಹಿಂಬದಿ ಕಪ್ಪಾಗಿರುವ ಪ್ಲಾಸ್ಟಿಕ್ ಕವರು ತಂದು ಎಲ್ಲವನ್ನೂ ಅದರೊಳಗೆ ಹಾಕಿಸಿದ. ಪೂಜಿತಾ ಕಣ್ಣು ಮುಚ್ಚಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದಳು. ಆರನ್ನೂ ಬೇರೆ ತೆಗೆದಿಟ್ಟಳು. ಒಂದೂ ತಪ್ಪಲಿಲ್ಲ.

"ರಬ್ಬರ್ ಹೊಗೆಯ ವಾಸನೆ ಮಾರಾಯ್ರೆ! ನಮ್ಮ ಅಜ್ಜನ ಮನೆಗೆ ಹೋದ ಹಾಗಾಯ್ತು."

ಎಲ್ಲರೂ ನಕ್ಕರು, ಪ್ರಣೀತಾಳೂ ನಕ್ಕಳು. ಫಾರಿಸ್ ಮಾತ್ರ ತಲೆ ಕೆರೆದುಕೊಂಡ. "ಬರುವ ಭಾನುವಾರ ಪಂದ್ಯ ಸುರು ಅಕ್ಕ. ಬೆನ್ನು ನೋಡಿಯೋ ಮೂಸಿಯೋ ಕಾರ್ಡು ಗೊತ್ತಾಗಬಾರದು, ಅದು ಒಂದೇ ದೊಡ್ಡ ನಿಯಮ. ನಲವತ್ತೂ ಹೊಸತೇ ತಗೊಳ್ಳಿ, ನಿಮ್ಮ ಹೆಸರು ಬರೀತೇನೆ."

ಬಸ್ಸಿನಲ್ಲಿ ಕುಂಬ್ರ ದಾಟುವಾಗಲೂ ಅವಳು ಅದನ್ನೇ ಯೋಚಿಸುತ್ತಿದ್ದಳು. ಹೊಸತು ಕೊಂಡರೆ ಆಡಬಹುದಿತ್ತು. ಆದರೆ ಅವಳಿಗೆ ಬೇಕಾದದ್ದು ಬರೀ ಆಟವಲ್ಲ. ಮಡಿಲಿನಲ್ಲಿದ್ದ ಮೂವತ್ತನಾಲ್ಕು ಅವಳೇ ಜಗಿದು ಗಳಿಸಿದವು. ಅವುಗಳೊಂದಿಗೆ ಆ ಮೇಜಿನ ಮುಂದೆ ಕೂರಬೇಕಿತ್ತು.

ಮನೆಯಲ್ಲಿ ಗಂಡ ಜಯಪ್ರಕಾಶ್ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮ, ನಿಮ್ಮ ಹೊಗೆಯಿಂದ ಸೊಸೆಯನ್ನು ಆಟದಿಂದ ಹೊರಗೆ ಹಾಕಿದ್ದಾರೆ."

ಪೂವಮ್ಮ ನಗಲಿಲ್ಲ. ಕೈ ಒರೆಸಿಕೊಂಡು ಒಂದು ಹಳತು, ಒಂದು ಹೊಸತು ಕಾರ್ಡನ್ನು ಎತ್ತಿ ಶೀಟು ನೋಡುವ ಹಾಗೆ ಬೆಳಕಿಗೆ ಹಿಡಿದರು.

"ಎರಡೂ ಒಂದೇ ಬಣ್ಣ, ಒಂದೇ ವಾಸನೆ ಆದರೆ ಸಾಕಲ್ಲ?"

"ಸಾಕು ಅತ್ತೆ."

"ಹಾಗಾದರೆ ಅದಕ್ಕೆ ಎಂತ ಇಷ್ಟು ಮುಖ ಸಣ್ಣ ಮಾಡಿಕೊಂಡು ಕೂತದ್ದು? ಹೊಸತಕ್ಕೂ ಹೊಗೆ ಕೊಡುದು."

"ಅದು ಮೂರು ತಿಂಗಳ ಹೊಗೆ. ನಮಗಿರುದು ಆರು ದಿನ."

"ಹೊಗೆ ಎಷ್ಟು ಬೇಕು ಅಂತ ನನಗೆ ಹೇಳಿಕೊಡ್ಬೇಡ ಕೂಸೇ."

ಆದರೂ ಅವರು ಅವಸರ ಮಾಡಲಿಲ್ಲ. ಮೊದಲು ಕಪಾಟಿನಿಂದ ಯಾರದೋ ಮನೆ ಒಕ್ಕಲಿನ ಆಮಂತ್ರಣ ಪತ್ರಿಕೆ ತೆಗೆದು, ಕಾರ್ಡಿನ ಅಳತೆಗೆ ಕತ್ತರಿಸಿ, ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಹೊಗೆಕೋಣೆಯೊಳಗೆ ಶೀಟು ತೂಗುವ ಬಿದಿರುಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ ತೂಗಹಾಕಿದರು. ಮರುದಿನ ಮಧ್ಯಾಹ್ನ ಅದು ಒಣಗಿದ ಎಲೆಯಂತೆ ಸುರುಟಿಕೊಂಡಿತ್ತು.

"ಬಿಸಿ ಜಾಸ್ತಿ," ಎಂದು ಪೂವಮ್ಮ ಇನ್ನೊಂದು ತುಂಡನ್ನು ನಡುವಿನ ಬಿದಿರಿಗೆ ಏರಿಸಿದರು. ತೆಂಗಿನ ಸಿಪ್ಪೆಗೆ ನೀರು ಚಿಮುಕಿಸಿ ಬೆಂಕಿಯ ಮೇಲಿಟ್ಟರು. ಜ್ವಾಲೆ ಇಲ್ಲ, ದಪ್ಪ ಹೊಗೆ ಮಾತ್ರ. ಆ ತುಂಡು ಸುರುಟಲಿಲ್ಲ. ಮಂಗಳವಾರ ಬೆಳಿಗ್ಗೆ ಆರು ಹೊಸ ಕಾರ್ಡುಗಳು ಶೀಟುಗಳ ನಡುವೆ ಸಾಲಾಗಿ ತೂಗಿದವು: ಆಮೆ, ಮುಂಗುಸಿ, ಕಾಡುಕೋಣ, ಕಡವೆ, ಮುಳ್ಳುಹಂದಿ, ತೋಳ.

ಪ್ರಣೀತಾ ಬೆಳಿಗ್ಗೆ ಹಾಲಿಳಿಸಲು ರಬ್ಬರ್ ಮರಗಳಿಗೆ ಕತ್ತಿ ಹಾಕಿ ಬಂದವಳೇ ಹೊಗೆಕೋಣೆಯ ಬಾಗಿಲು ತೆರೆದು ನೋಡುತ್ತಿದ್ದಳು. ಬುಧವಾರ ನೀಲಿ ಮಸುಕಾಯಿತು. ಗುರುವಾರ ಬಿಳಿ ಹೆಜ್ಜೆಗುರುತು ಕೆನೆಬಣ್ಣಕ್ಕೆ ಬಂತು. ಶುಕ್ರವಾರ ಎಂತದೂ ಆಗಲಿಲ್ಲ.

"ನಿಂತೇ ಹೋಯ್ತು ಅತ್ತೆ."

"ಬಾಗಿಲು ಪದೇ ಪದೇ ತೆಗೆದರೆ ಹೊಗೆ ನಿನ್ನ ಹಿಂದೆಯೇ ಬರ್ತದೆ, ಕಾರ್ಡಿಗೆ ಎಂತ ಉಳಿತದೆ? ಇನ್ನು ನಾಳೆ ಸಂಜೆವರೆಗೆ ಆ ಕಡೆ ತಲೆ ಹಾಕಬೇಡ."

ಅವಳು ಹಾಕಲಿಲ್ಲ. ಶನಿವಾರ ದಿನವಿಡೀ ಶೀಟು ಒತ್ತುವ ರೋಲರಿನ ಹ್ಯಾಂಡಲ್ ತಿರುಗಿಸಿದಳು, ಬೇಡದ ಪಾತ್ರೆಗಳನ್ನೂ ತಿಕ್ಕಿದಳು. ಸಂಜೆ ಪೂವಮ್ಮನೇ ಬಾಗಿಲು ತೆಗೆದರು. ಆರನ್ನೂ ಇಳಿಸಿ, ಮೂವತ್ತನಾಲ್ಕರ ಜೊತೆ ಕಲಸಿ, ಜಗಲಿಯಲ್ಲಿ ಬೆನ್ನು ಮೇಲೆ ಮಾಡಿ ಹರವಿದರು.

"ತೆಗಿ ನೋಡುವ, ಹೊಸತು ಯಾವುದು?"

ಪ್ರಣೀತಾ ಬಾಗಿ ನೋಡಿದಳು. ನೇರ ನೋಡಿದಳು, ಓರೆಯಾಗಿ ನೋಡಿದಳು. ಒಂದನ್ನು ಎತ್ತಿದಳು, ಅದು ಊರ್ಮಿಳಾ ಕಚ್ಚಿದ ಕರಡಿ. ಇನ್ನೊಂದು ಎತ್ತಿದಳು, ಹಳೆಯ ಮೊಸಳೆ. ಜಯಪ್ರಕಾಶನೂ ಕೂತು ಮೂರು ತೆಗೆದ, ಮೂರೂ ತಪ್ಪು.

"ಅಂಚು ಸವೆದದ್ದು, ಕಚ್ಚಿದ್ದು ಎಲ್ಲ ಕವರಿನೊಳಗೆ ಹೋಗ್ತದಲ್ಲ?" ಎಂದು ಪೂವಮ್ಮ ಖಾತ್ರಿ ಮಾಡಿಕೊಂಡರು. "ಹಾಗಾದರೆ ಹೋಗಿ ಬಾ."

ಭಾನುವಾರ ಫಾರಿಸ್ ಕಪ್ಪು ಕವರು ಹಾಕಿದ ನಲವತ್ತನ್ನೂ ಪೂಜಿತಾಳ ಮುಂದಿಟ್ಟ. ಸುತ್ತ ಹದಿನೈದು ಮಂದಿ ಸೇರಿದ್ದರು. ಹುಡುಗಿ ಕಣ್ಣು ಮುಚ್ಚಿದಳು. ಮೊದಲ ಐದನ್ನು ಮೂಸಿದಳು. ಹತ್ತಾಯಿತು, ಇಪ್ಪತ್ತಾಯಿತು. ಪ್ರಣೀತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಲವತ್ತನೆಯದನ್ನು ಇಟ್ಟು ಪೂಜಿತಾ ಕಣ್ಣು ತೆರೆದಳು.

"ನಲವತ್ತೂ ಅಜ್ಜನ ಮನೆ. ಇದರಲ್ಲಿ ಎಂತ ಹುಡುಕುದು?"

ಫಾರಿಸ್ ಪಟ್ಟಿಯಲ್ಲಿ ಹೆಸರು ಬರೆದ. ಊರು ಕೇಳಿ, ಜಾಲ್ಸೂರು ಎಂದೂ ಸೇರಿಸಿದ.

ಪಂದ್ಯ ನಿಧಾನವಾಗಿ ಸಾಗಿತು. ಪ್ರಣೀತಾ ಚೆನ್ನಾಗಿಯೇನೂ ಆಡಲಿಲ್ಲ. ಎರಡು ಕಡೆ ನಿಯಮವೇ ಮರೆತಿತ್ತು, ಆನೆಯನ್ನು ಸುಮ್ಮನೆ ಕಳೆದುಕೊಂಡಳು. ಆದರೆ ಕೈಗಳು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದವು: ಐದನ್ನು ಬೀಸಣಿಗೆಯಂತೆ ಹಿಡಿಯುವುದು, ಒಳ್ಳೆಯದು ಬಂದಾಗ ಮುಖ ಬದಲಾಗದ ಹಾಗೆ ನೋಡಿಕೊಳ್ಳುವುದು.

ಪೂಜಿತಾ ತನ್ನ ಹುಲಿಯನ್ನು ಮೇಜಿಗೆ ಬಿಟ್ಟಳು. ಪ್ರಣೀತಾಳ ಕೈಯಲ್ಲಿ ಒಂದೇ ಬಣ್ಣದ, ಒಂದೇ ವಾಸನೆಯ ಐದು ಬೆನ್ನುಗಳು. ಹುಡುಗಿ ಒಂದರಿಂದ ಒಂದಕ್ಕೆ ಕಣ್ಣಾಡಿಸಿದಳು, ಮುಂದೆ ಬಾಗಿದಳು, ಮತ್ತೆ ಹಿಂದಕ್ಕೆ ಒರಗಿದಳು. ತುಂಬಾ ಹೊತ್ತು ಯೋಚಿಸಿ ಬೆರಳು ಚಾಚಿದಳು.

"ಬಲದಿಂದ ಎರಡನೆಯದು."

ಪ್ರಣೀತಾ ಅದನ್ನು ಎಳೆದು, ಅವಸರವಿಲ್ಲದೆ, ಮೇಜಿನ ಮೇಲೆ ಮಗುಚಿದಳು. ಆಮೆ.

"ಅಯ್ಯೋ, ನನ್ನ ಹುಲಿ! ಇದು ಆವತ್ತಿನ ಹೊಸ ಆಮೆಯೇನಾ ಅಕ್ಕ?"

"ಬೆಳಕಿಗೆ ಹಿಡಿದು ನೋಡಿ ಹೇಳ್ಲಿಕ್ಕೆ ನಮ್ಮ ಅತ್ತೆಯೇ ಬರಬೇಕು," ಎಂದಳು ಪ್ರಣೀತಾ, ಮುಂದಿನ ಕಾರ್ಡಿಗೆ ಕೈ ಚಾಚುತ್ತಾ.