ಪರದೆಯ ಅಂಚಿನ ಬೆಂದೀರ್

ನನ್ನ ಗಂಡ ಮೊಂಜಿಗೆ ಒಂದು ಹಳಸಲು ತಮಾಷೆ ಇದೆ. ಟಿವಿಯಲ್ಲಿ ನಮ್ಮ ಮಹ್ದಿಯಾ ಊರಿನ ಹೆಂಗಸರ ತಂಡದ ಹಳೆಯ ಹಾಡು ಬಂದು, ಮನೆಯಲ್ಲಿ ನಾಲ್ಕು ಜನ ಇದ್ದರೆ ಮುಗಿಯಿತು. "ಇವಳೂ ಅದರಲ್ಲಿ ಬೆಂದೀರ್ ಬಾರಿಸಿದ್ದಾಳಂತೆ! ಹುಡುಕಿಕೊಟ್ಟವರಿಗೆ ಒಂದು ಕುರಿ!" ಎನ್ನುತ್ತಾರೆ. ಪರದೆಯ ಮೇಲೆ ಬೆಂದೀರ್, ಅಂದರೆ ತಮಟೆಯಂಥ ಆ ಚರ್ಮವಾದ್ಯ, ಹಿಡಿದವರು ಮೂರೇ ಜನ. ಸದ್ದು ನಾಲ್ಕರದ್ದು ಎಂದು ನಾನು ಹೇಳಿದರೆ, "ಗೋಡೆಗೆ ಬಡಿದು ವಾಪಸ್ ಬರ್ತಿದೆ ಕಣೇ" ಎಂದು ನಗುತ್ತಾರೆ.

ನಾನಿದ್ದೆ. ಟ್ಯೂನಿಸ್‌ನ ಸ್ಟುಡಿಯೋದಲ್ಲಿ ಚಿತ್ರೀಕರಣ ಮುಗಿದ ಮೇಲೆ ಅವರ ಪರದೆಯಲ್ಲಿ ನನ್ನನ್ನು ನಾನೇ ನೋಡಿದ್ದೆ: ಎಡಗಡೆಯ ಕೊನೆಯಲ್ಲಿ, ಕೆಂಪು ತೋಳಿನ ಅಂಗಿ. ಮನೆಯ ಟಿವಿಯಲ್ಲಿ ಮಾತ್ರ ನಾನು ಯಾವತ್ತೂ ಬರಲಿಲ್ಲ. ಮೊಂಜಿ ನಕ್ಕರೆ ಸಹಿಸಬಹುದು. ನನ್ನ ಮಗಳು ಲಾಮಿಯಾ ಕೂಡ ಜೊತೆಗೆ ನಗುತ್ತಾಳಲ್ಲ, ಅದನ್ನು ಸಹಿಸಲಾರೆ.

ಈ ರಂಜಾನ್‌ನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅಲ್ಲೂ ಆ ಹಾಡು ಬರುವ ಅದೇ ಚಾನೆಲ್. ಮೂಲೆಯ ಚಾನೆಲ್ ಗುರುತು ಅವಳ ಟಿವಿಯಲ್ಲಿ ಇಡಿಯಾಗಿತ್ತು. ನಮ್ಮಲ್ಲಿ ಅದರ ಒಂದು ಬದಿಯೇ ಕಾಣುವುದಿಲ್ಲ. ಅಂದರೆ ನಮ್ಮ ಟಿವಿ ಅಂಚನ್ನು ನುಂಗುತ್ತಿದೆ! ಮನೆಗೆ ಬಂದು ಟಿವಿಯ ಬೆನ್ನು ನೋಡಿದೆ. ಅಲ್ಲಿನ ಚೀಟಿಯ ಪ್ರಕಾರ ಅದರ ಪರದೆಯಲ್ಲಿ ಚಿತ್ರ ಕೂಡಿಸುವ ಗೆರೆಗಳು ಏಳುನೂರಿಪ್ಪತ್ತೇ. ಡಿಶ್ ಬಾಕ್ಸ್ ಕಳಿಸುತ್ತಿದ್ದದ್ದು ಸಾವಿರದೆಂಬತ್ತು. ಸಂಖ್ಯೆ ದೊಡ್ಡದಿದ್ದರೆ ಚಿತ್ರವೂ ದೊಡ್ಡದು ಎಂದು ಮೊಂಜಿಯೇ ಇಟ್ಟಿದ್ದರು. ಟಿವಿ ಪಾಪ ಅದನ್ನು ಹಿಂಡಿ, ಸುತ್ತ ಕತ್ತರಿಸಿ ತೋರಿಸುತ್ತಿತ್ತು.

ಅಂದು ಸಂಜೆ ಉಪವಾಸ ಬಿಡಲು ಲಾಮಿಯಾಳ ಅತ್ತೆಯಾಗಲಿರುವ ನಬೀಹಾ ಬಂದಿದ್ದರು. ಶೋರ್ಬಾ ಸಾರು ಮುಗಿದು, ಮೊಟ್ಟೆ ತುಂಬಿ ಕರಿದ ಬ್ರಿಕ್ ತಟ್ಟೆಗೆ ಬರುವಾಗ ಹಾಡು ಶುರುವಾಯಿತು. ಚಾನೆಲ್‌ನವರು ಹಳೆಯ ಚಿತ್ರವನ್ನು ಅಡ್ಡಲಾಗಿ ಎಳೆದು ತೋರಿಸುತ್ತಾರೆ, ಎಲ್ಲರೂ ಉಬ್ಬಿದ ರೊಟ್ಟಿಯಂತೆ ಕಾಣುತ್ತಾರೆ. ಮೊಂಜಿ ಬಾಯಿ ತೆರೆದರು. "ಬೀಗಿತ್ತಿ, ಒಂದು ಕುರಿ ಗೆಲ್ತೀರಾ?"

ನಬೀಹಾ ಸೆರಗಿನಂತೆ ಶಾಲು ಎಳೆದು ನಗು ಮುಚ್ಚಿಕೊಂಡರು. ನಾನು ರಿಮೋಟ್ ಕಸಿದುಕೊಂಡೆ.

"ಏನೇ ಅದು?"

"ಸಂಖ್ಯೆ ಇಳಿಸ್ತಿದೀನಿ."

"ಇಳಿಸೋದಾ? ಇಷ್ಟು ದೊಡ್ಡ ಟಿವಿ ತಂದಿರೋದು ಇಳಿಸೋಕಾ? ಕೊಡಿಲ್ಲಿ!"

"ಕೊಡಲ್ಲ. ಅದರ ಅಳತೆ ಎಷ್ಟೋ ಅಷ್ಟೇ ಕೊಡ್ತೀನಿ. ಜಾಸ್ತಿ ತುರುಕಿ ತುರುಕಿ ನೀವು ನನ್ನನ್ನೇ ಕತ್ತರಿಸಿ ಹಾಕಿದೀರಿ."

ಏಳುನೂರಿಪ್ಪತ್ತು ಒತ್ತಿದೆ. ಪರದೆ ಕಪ್ಪಾಯಿತು.

"ಹೋಯ್ತು! ಕೊಂದುಬಿಟ್ಟಳು!" ಮೊಂಜಿ ತಲೆ ಹಿಡಿದುಕೊಂಡರು.

"ಅಮ್ಮಾ, ಸಾಕು ಬಿಡಮ್ಮಾ, ಬಂದವರ ಮುಂದೆ..." ಲಾಮಿಯಾಳ ಮುಖ ಸಣ್ಣದಾಯಿತು.

ಕತ್ತಲೆಯಲ್ಲಿ ಹಾಡು ಮಾತ್ರ ನಡೆಯುತ್ತಿತ್ತು. ಹಾಡು ಮುಗಿಯುವುದರೊಳಗೆ ಬರದಿದ್ದರೆ ಸಾಯುವ ತನಕ ಇದೇ ತಮಾಷೆ. ಚಿತ್ರ ಬಂತು. ಟಿವಿಯ ಸೆಟ್ಟಿಂಗ್‌ನಲ್ಲೂ, ಬಂದದ್ದನ್ನು ಬಂದಷ್ಟೇ ತೋರಿಸು ಎಂದು ಒತ್ತಿದೆ.

ಚಿತ್ರ ನಾಲ್ಕೂ ಕಡೆಯಿಂದ ಒಳಸರಿಯಿತು. ಚಾನೆಲ್ ಗುರುತು ಇಡಿಯಾಯಿತು. ಎಡ ಅಂಚಿನಲ್ಲಿ ಕೆಂಪು ತೋಳು, ಅದರ ಹಿಂದೆ ಬೆಂದೀರ್, ಅದರ ಹಿಂದೆ ಅರ್ಧ ಮುಖ. ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡು ಬಾರಿಸುತ್ತಿದ್ದಾಳೆ. ನಾನು.

"ಲಲ್ಲಾ ಝಕಿಯಾ!" ನಬೀಹಾ ನನ್ನ ಹೆಸರು ಕೂಗುತ್ತ ಎದ್ದೇ ನಿಂತರು. "ಆ ತುಟಿ ಕಚ್ಚೋದು ನಮ್ಮ ಲಾಮಿಯಾದೇ!"

ಲಾಮಿಯಾ ತನ್ನ ತುಟಿ ಮುಟ್ಟಿಕೊಂಡಳು. ಪರದೆಯ ಹತ್ತಿರ ಹೋಗಿ ಕೂತಳು, ನನ್ನತ್ತ ತಿರುಗಲಿಲ್ಲ.

ಮೊಂಜಿ ಕೈಯಲ್ಲಿದ್ದ ಬ್ರಿಕ್ ತಟ್ಟೆಗಿಟ್ಟರು. "ಆ ನಾಲ್ಕನೇ ಸದ್ದು... ನಿಂದಾ?" ಎಂದರು.

"ಯಾವತ್ತೂ ನಂದೇ."

"ಸರಿ ಸರಿ. ಹಬ್ಬಕ್ಕೆ ಕುರಿ ತರ್ತೀನಿ. ಈಗ ರಿಮೋಟ್ ಕೊಡು, ಫುಟ್‌ಬಾಲ್‌ಗೆ ಮೊದಲಿನ ಥರ ಇಡೋಣ."

"ನಿಮ್ಮ ಕುರಿ ನನಗೆ ಬೇಡ. ಇದು ಹೀಗೇ ಇರುತ್ತೆ."

ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗಿನಿಂದ ನನ್ನ ಬೆಂದೀರ್ ತಂದೆ. ಚರ್ಮ ಸಡಿಲಾಗಿತ್ತು. ಚಹಾ ಕುದಿಯುತ್ತಿದ್ದ ಕೆಂಡದ ಮೇಲೆ ಹಿಡಿದು ಬಿಗಿಯಾಗುವವರೆಗೆ ಕಾಯಿಸಿದೆ. "ಬಂದವರ ಮುಂದೆ" ಎಂದು ಈ ಸಲ ಯಾರೂ ಹೇಳಲಿಲ್ಲ. ಲಾಮಿಯಾಳ ಪಕ್ಕ ಕೂತು ಬಾರಿಸತೊಡಗಿದೆ.

ಟಿವಿಯಲ್ಲಿ ಹಾಡು ಮುಗಿಯಿತು. ನಾನು ನಿಲ್ಲಿಸಲಿಲ್ಲ.